ನಾಲ್ಕನೆಯ ಮೆಟ್ಟಿಲು

ನೀವೆಸ್ ನನ್ನ ಮನೆಗೆ ಬಂದು ನುಡಿಸಲು ಬನ್ನಿ ಎಂದು ಕೇಳಿದಾಗ ಬಾಯಿಗೆ ಬಂದ ಸುಳ್ಳೊಂದನ್ನು ಹೇಳಿಬಿಟ್ಟೆ. "ಗಿಟಾರಿಗೆ ಹುಷಾರಿಲ್ಲ ಕಣಮ್ಮ" ಅಂದೆ.

"ಗಿಟಾರಿಗೋ, ನಿಮಗೋ?" ಅಂದಳು. ಊರಿನ ಹೆಂಗಸರ ಕೂದಲು ಕತ್ತರಿಸಿ ಕತ್ತರಿಸಿ ಅವಳ ನಾಲಿಗೆಗೂ ಕತ್ತರಿಯ ಗುಣ ಬಂದಿದೆ.

"ಇಬ್ಬರಿಗೂ ಅಂದ್ಕೋ."

"ನೋಡಿ ಮಾಮಾ, ಮೇಣದಬತ್ತಿ ಹಬ್ಬದ ಭಾನುವಾರ ಕೂಟದಲ್ಲಿ ಅತ್ತೆ ನೆನಪಿಗೆ ಅಂತ ಹಾಡು ಇಟ್ಕೊಂಡಿದಾರೆ. ಹಾಡೋಳು ನಾನು. ನೀವು ನುಡಿಸಲ್ಲ ಅಂದ್ರೆ ಯಾರನ್ನ ಕರೀಲಿ? ಆ ಹಿನೇಸನ್ನಾ?"

ಹಿನೇಸನ ಹೆಸರೆತ್ತಿದರೆ ನನ್ನ ಪಿತ್ತ ಕೆರಳುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ನಮ್ಮ ಹಾಡಿನ ಕೂಟದಲ್ಲಿ ನನ್ನನ್ನು ಬಿಟ್ಟರೆ ಗಿಟಾರು ಹಿಡಿಯುವವನು ಅವನೊಬ್ಬನೇ. ಹಾಡುವವರ ಹಿಂದೆ ನಡೆಯಬೇಕಾದವನು ಅವರ ಕಾಲು ತುಳಿದುಕೊಂಡು ಮುಂದೆ ಓಡುತ್ತಾನೆ. ಆದರೂ ನಾನು "ನೋಡೋಣ" ಅಂದೆನೇ ಹೊರತು ಒಪ್ಪಲಿಲ್ಲ. ಅವಳು ತಂದ ಬಾದಾಮಿ ಬಿಸ್ಕತ್ತನ್ನು ಅವಳೇ ಎರಡು ತಿಂದು, ಗಂಟುಮುಖ ಹಾಕಿಕೊಂಡು ಹೋದಳು.

ಅವಳು ಹೋದ ಮೇಲೆ, ನಾನು ಹೇಳಿದ ಸುಳ್ಳು ಎಷ್ಟರ ಮಟ್ಟಿಗೆ ಸುಳ್ಳು ಎಂದು ನೋಡೋಣವೆಂದು ಪೆಟ್ಟಿಗೆ ತೆರೆದೆ. ನೀವೆಸಳ ಅತ್ತೆ, ನಮ್ಮ ಕೂಟದ ಹಾಡುಗಾರ್ತಿ ಕಾಸಿಲ್ದಾಳನ್ನು ಮಣ್ಣು ಮಾಡಿ ಬಂದ ದಿನ ಕೊಕ್ಕೆ ಹಾಕಿದ ಪೆಟ್ಟಿಗೆ. ಅದು ವಸಂತದಲ್ಲಿ, ಈಗ ಚಳಿಗಾಲ. ನನ್ನ ಬಾಯಲ್ಲಿ ಬಂದದ್ದು ನಿಜವೇ ಆಗಿತ್ತು. ಕುತ್ತಿಗೆಯ ಮೇಲಿನ ಕರಿಮರದ ಹಲಗೆ ಬೂದಿ ಬಳಿದುಕೊಂಡವರ ಹಾಗೆ ಬಿಳಿಚಿಕೊಂಡಿತ್ತು. ಹಲಗೆ ಕುಗ್ಗಿ, ಅದರ ಅಡ್ಡಕ್ಕೆ ಕೂಡಿಸಿದ ಲೋಹದ ಮೆಟ್ಟಿಲುಗಳ ತುದಿಗಳು ಎರಡೂ ಪಕ್ಕಕ್ಕೆ ಚಾಚಿಕೊಂಡಿದ್ದವು. ಕೈ ಆಡಿಸಿದರೆ ಅಂಗೈ ಗೀರುತ್ತಿತ್ತು. ಹಲಗೆಯ ಕೊನೆಯಲ್ಲಿ ಕೂದಲೆಳೆಯಷ್ಟು ಒಂದು ಬಿರುಕು ಬೇರೆ.

ತಪ್ಪು ಗಿಟಾರಿನದಲ್ಲ. ಜೀವನವೆಲ್ಲ ಅದು ನನ್ನ ಜೊತೆ ಗುಡ್ಡದ ಗುಹೆಮನೆಯಲ್ಲಿ ಇತ್ತು. ನಮ್ಮೂರು ಗ್ವಾದಿಕ್ಸಿನ, ಗುಡ್ಡ ಕೊರೆದು ಮಾಡಿದ ಗುಹೆಮನೆಗಳಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ಅಂಥ ವ್ಯತ್ಯಾಸವಿಲ್ಲ. ಮಣ್ಣೇ ಗೋಡೆ, ಮಣ್ಣೇ ಚಾವಣಿ, ಮರಕ್ಕೆ ತಂಪು ತಪ್ಪುವುದಿಲ್ಲ. ಪಕ್ಕದ ಗುಹೆ ಕಾಸಿಲ್ದಾಳದು. ಇಬ್ಬರ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ. ಬೆಳಿಗ್ಗೆ ಅವಳು ಒಲೆ ಕೆದಕುವ ಸದ್ದು, ಕೆಮ್ಮು, ಯಾವುದೋ ಪದದ ಅರ್ಧ ಸಾಲು ಇವೆಲ್ಲ ಗೋಡೆ ದಾಟಿ ಬರುತ್ತಿದ್ದವು. ಅವಳು ಹೋದ ಮೇಲೆ ಆ ಗೋಡೆ ಬರೀ ಗೋಡೆಯಾಯಿತು. ನನಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಮೊಣಕಾಲು ನೋವು, ಗುಡ್ಡ ಹತ್ತಲಾರೆ ಎಂದು ಊರಿಗೆಲ್ಲ ಹೇಳಿ, ಕೆಳಗಿನ ಪೇಟೆಯಲ್ಲಿ ಈ ಮೂರನೆಯ ಮಹಡಿಗೆ ಬಂದು ಸೇರಿದೆ. ಇಲ್ಲಿ ಕಿಟಕಿಯ ಕೆಳಗೆ ಕಬ್ಬಿಣದ ಹೀಟರು ಹಗಲೂ ರಾತ್ರಿ ಉರಿಯುತ್ತದೆ. ಬ್ರೆಡ್ಡು ಮಧ್ಯಾಹ್ನಕ್ಕೇ ಕಲ್ಲಾಗುತ್ತದೆ. ಗಿಟಾರಿನ ಗತಿ ಇನ್ನೇನಾದೀತು?

ಮರ ಒಣಗಿದೆ, ಎಣ್ಣೆ ಹಚ್ಚಬೇಕು. ಅಷ್ಟು ನನಗೂ ಗೊತ್ತು. ಎಣ್ಣೆ ಎಂದರೆ ನಮ್ಮ ಕಡೆ ಯಾವ ಎಣ್ಣೆ ಎಂದು ಯಾರೂ ಕೇಳುವುದಿಲ್ಲ. ಕಿವಿನೋವಿಗೆ ಆಲಿವ್ ಎಣ್ಣೆ, ಸುಟ್ಟ ಗಾಯಕ್ಕೆ ಆಲಿವ್ ಎಣ್ಣೆ, ಕಿರುಗುಟ್ಟುವ ಬಾಗಿಲಿಗೆ, ಮಗುವಿನ ನೆತ್ತಿಗೆ, ಬೆಳಗಿನ ಬ್ರೆಡ್ಡಿಗೆ ಎಲ್ಲಕ್ಕೂ ಅದೇ. ನಮ್ಮಮ್ಮ ಪಾದ್ರಿಯ ಆಶೀರ್ವಾದಕ್ಕಿಂತ ಅದನ್ನು ಹೆಚ್ಚು ನಂಬಿದ್ದಳು. ನಾನೂ ಆ ವರ್ಷದ ಹೊಸ ಎಣ್ಣೆಯನ್ನೇ, ಹಸಿರಾಗಿ ಹೊಳೆಯುವುದನ್ನು, ಧಾರಾಳವಾಗಿ ಸುರಿದು ಹಲಗೆಗೆ ತಿಕ್ಕಿದೆ. ಮರ ಕಪ್ಪಗೆ ಮಿಂಚಿತು. ಆಹಾ ಎಂದುಕೊಂಡೆ.

ವಾರ ಕಳೆದ ಮೇಲೆ ಪೆಟ್ಟಿಗೆ ತೆರೆದರೆ ಹಳೇ ಬಾಣಲೆಯ ವಾಸನೆ. ಎಣ್ಣೆ ಒಣಗಿರಲಿಲ್ಲ, ಅಂಟಾಗಿ ಕೂತಿತ್ತು. ಬೆರಳಿಟ್ಟರೆ ಪೆಟ್ಟಿಗೆಯ ಕೆಂಪು ಮಖಮಲ್ಲಿನ ನೂಲೆಲ್ಲ ಬೆರಳಿಗೇ ಬಂತು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಗಿಟಾರಿನ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಮೆಲ್ಚೋರನ ಅಂಗಡಿಗೆ ನಡೆದೆ.

ಮೆಲ್ಚೋರ್ ಗಿಟಾರು ಮಾಡುತ್ತಾನೆ, ರಿಪೇರಿ ಮಾಡುತ್ತಾನೆ, ಎರಡಕ್ಕಿಂತ ಹೆಚ್ಚಾಗಿ ಮಾತಾಡುತ್ತಾನೆ. ಚಿಕ್ಕಂದಿನಿಂದ ಗೆಳೆಯ. ಪೆಟ್ಟಿಗೆ ತೆರೆದವನೇ ಮೂಗು ಮುಚ್ಚಿಕೊಂಡ.

"ಇದೇನಯ್ಯಾ ಇದು, ಗಿಟಾರೋ ಸಲಾಡೋ? ಉಪ್ಪು, ವಿನಿಗರ್ ಹಾಕೋದು ಮರ್ತುಬಿಟ್ಟಿದೀಯ."

"ಎಣ್ಣೆ ಹಚ್ಚಿದೆ ಕಣೋ."

"ಅದು ಕಾಣಿಸ್ತಿದೆ. ಮುದುಕ ಆದೆ, ಬುದ್ಧಿ ಬರಲಿಲ್ಲ. ಈ ಎಣ್ಣೆ ಯಾವತ್ತೂ ಒಣಗಲ್ಲ, ಕೊಳೆಯುತ್ತೆ. ಅಗಸೆ ಎಣ್ಣೆ ಹಚ್ಬೇಕು, ಅದೂ ಒಂದೆರಡು ಹನಿ. ಅದಕ್ಕೂ ಮುಂಚೆ ಇನ್ನೊಂದು ಮಾತು ಕೇಳು. ಎಣ್ಣೆ ಮರಕ್ಕೆ ನೀರು ಕುಡಿಸಲ್ಲ. ಒಳಗಿರೋ ನೀರು ಹೊರಗೆ ಹೋಗದ ಹಾಗೆ ಬಾಗಿಲು ಹಾಕುತ್ತೆ, ಅಷ್ಟೆ. ಒಳಗೆ ನೀರೇ ಇಲ್ಲದಾಗ ಬಾಗಿಲು ಹಾಕಿ ಏನು ಸುಖ? ಮೊದಲು ಇದನ್ನ ಗುಡ್ಡದ ಮೇಲಕ್ಕೆ, ನಿನ್ನ ಗುಹೆಗೆ ತಗೊಂಡು ಹೋಗಿ ಇಡು. ಮರ ತಂಪು ಹೀರಿಕೊಂಡು ತಾನಾಗೇ ಅಗಲ ಆಗುತ್ತೆ. ಮೆಟ್ಟಿಲ ತುದಿಯೂ ಒಳಕ್ಕೆ ಹೋಗುತ್ತೆ."

"ಗುಹೆಗೇ ಹೋಗ್ಬೇಕಾ?"

"ಇಲ್ಲಾಂದ್ರೆ ಇಲ್ಲೇ ಬಿಟ್ಟು ಹೋಗು. ಹಲಗೆ ಪೂರ್ತಿ ಹತ್ತರಿ ಹೊಡೆದು, ಬೆರಳಿಗೆ ಸವೆದ ಈ ಗುಳಿಗಳನ್ನೆಲ್ಲ ಸಮ ಮಾಡಿ, ಹೊಸ ಮೆಟ್ಟಿಲು ಕೂರಿಸಿ ಕೊಡ್ತೀನಿ. ಹೊಸ ಹೆಣ್ಣಿನ ಹಾಗೆ ಇರುತ್ತೆ."

"ಗುಳಿ ಮುಟ್ಟಿದರೆ ಕೈ ಮುರಿತೀನಿ."

ಅವನು ನಕ್ಕು ಕನ್ನಡಕ ಏರಿಸಿದ. ಗಿಟಾರನ್ನು ಕಿಟಕಿಯ ಬೆಳಕಿಗೆ ಹಿಡಿದು ಹಲಗೆಯ ಉದ್ದಕ್ಕೂ ನೋಡಿದ. ಅವನ ನಗು ನಿಂತಿತು.

ಇಲ್ಲಿ ಒಂದು ಮಾತು ಹೇಳಬೇಕು. ಹಾಡುವವರ ಕಂಠಕ್ಕೆ ತಕ್ಕಂತೆ ಶ್ರುತಿ ಏರಿಸಲು ನಾವು ಗಿಟಾರಿನ ಕುತ್ತಿಗೆಗೆ ಅಡ್ಡಲಾಗಿ ಒಂದು ಮರದ ಪಟ್ಟಿ ಬಿಗಿಯುತ್ತೇವೆ. ಎಷ್ಟನೆಯ ಮೆಟ್ಟಿಲಿಗೆ ಕಟ್ಟಿದರೆ ಅಷ್ಟು ಶ್ರುತಿ ಏರುತ್ತದೆ. ಹಾಡುವವರು ಬಂದು ಕೂತು "ಮೂರಕ್ಕೆ ಕಟ್ಟು", "ಐದಕ್ಕೆ ಕಟ್ಟು" ಎಂದು ಹೇಳುವುದು ಪದ್ಧತಿ. ವಯಸ್ಸಾದಂತೆ ಕಂಠ ಇಳಿಯುತ್ತದೆ, ಪಟ್ಟಿಯೂ ಇಳಿಯುತ್ತದೆ. ಹಳೆಯ ಗಿಟಾರಿನ ಹಲಗೆ ನೋಡಿದರೆ ಬೆರಳು ಒತ್ತಿ ಸವೆದ ಗುಳಿಗಳು ಮೇಲಿಂದ ಕೆಳಗಿನ ತನಕ ಹರಡಿರುತ್ತವೆ.

"ಎಲಾದಿಯೊ, ಈ ಗಿಟಾರು ಬೇರೆ ಯಾರಿಗೂ ನುಡಿಸಿಲ್ಲ ಅಲ್ವಾ? ಕಾಸಿಲ್ದಾಗೆ ಮಾತ್ರ?"

"ಹೂಂ."

"ಎಲ್ಲ ಗುಳಿಯೂ ನಾಲ್ಕರಿಂದ ಆಚೆಗೇ ಇದೆ. ಕೆಳಗಿನ ಮೂರು ಮೆಟ್ಟಿಲಿನ ಮನೆಗಳಲ್ಲಿ ಬೆರಳೇ ಬಿದ್ದಿಲ್ಲ, ಅದಕ್ಕೇ ಅಲ್ಲಿ ಮರ ಹೆಚ್ಚು ಒಣಗಿರೋದು. ಅವಳು ಮದುವೆ ಆದಾಗ್ಲೂ ನಾಲ್ಕು, ಹಲ್ಲು ಬಿದ್ದಾಗ್ಲೂ ನಾಲ್ಕು. ಅಂಥ ಕಂಠ ನಾನು ಕೇಳಿಲ್ಲ. ಒಂದೋ ಅವಳು ಪವಾಡ, ಇಲ್ಲ ನೀನು ಕಳ್ಳ."

"ನಿನ್ನ ಕೆಲಸ ನೋಡ್ಕೋ" ಎಂದು ಅವನ ಕೈಯಿಂದ ಗಿಟಾರು ಕಿತ್ತುಕೊಂಡೆ. ಅವನು ಸಣ್ಣ ಸೀಸೆಯಲ್ಲಿ ಅಗಸೆ ಎಣ್ಣೆ ಹಾಕಿ ಕೊಟ್ಟು, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡ, ತನ್ನಷ್ಟಕ್ಕೇ ಬೆಂಕಿ ಹತ್ತಿಕೊಳ್ಳುತ್ತೆ, ಹರಡಿ ಒಣಗಿಸು ಎಂದು ಬಾಗಿಲ ತನಕ ಬಂದು ಹೇಳಿದ.

ಕಳ್ಳ ನಾನೇ.

ಬಹಳ ವರ್ಷದ ಹಿಂದೆ ಒಂದು ದಿನ ಮೇಲಿನ ಸ್ವರ ಹಿಡಿಯುವಾಗ ಕಾಸಿಲ್ದಾಳ ಕಂಠ ಒಡೆಯಿತು. ಬೇರೆ ಯಾರೂ ಗಮನಿಸಲಿಲ್ಲ. ಪಕ್ಕದಲ್ಲಿ ಕೂತ ನನಗೆ ತಿಳಿಯಿತು. ಮನೆಗೆ ನಡೆಯುವಾಗ, ಇನ್ನು ಮೂರಕ್ಕೆ ಕಟ್ಟೋಣವೇ ಎಂದು ಮೆಲ್ಲಗೆ ಕೇಳಿದೆ. ಅವಳು ಗುಡ್ಡದ ದಾರಿಯಲ್ಲೇ ನಿಂತಳು. "ನಾಲ್ಕರಿಂದ ಇಳಿದ ದಿನ ನಾನು ಹಾಡೋದು ಬಿಟ್ಟೆ ಅಂತ ತಿಳ್ಕೋ" ಅಂದಳು. ಹಟಮಾರಿ. ಹೇಳಿದಂತೆ ಮಾಡುವವಳು.

ಅವಳು ಹಾಡು ಬಿಟ್ಟರೆ ನನಗೇನು ಉಳಿಯುತ್ತದೆ? ಅವಳಿಗೆ ಗಂಡನಿದ್ದ, ರೈಲ್ವೆಯಲ್ಲಿ ಕೆಲಸ. ಒಳ್ಳೆಯವನು, ಅದೇ ತೊಂದರೆ. ನನಗೆ ಇದ್ದದ್ದು ಶನಿವಾರ ಸಂಜೆ ಅವಳ ಪಕ್ಕದ ಕುರ್ಚಿ ಮಾತ್ರ. ಆ ಮುಂದಿನ ಶನಿವಾರ ಮನೆಯಲ್ಲೇ ಎಲ್ಲ ತಂತಿಗಳನ್ನೂ ಒಂದು ಮೆಟ್ಟಿಲಿನಷ್ಟು ಸಡಿಲಿಸಿಕೊಂಡು ಹೋದೆ. ಅವಳು ಕೂತು, ಶಾಲು ಸರಿಮಾಡಿಕೊಂಡು, ಎಂದಿನಂತೆ "ನಾಲ್ಕಕ್ಕೆ ಕಟ್ಟೋ, ಎಲಾದಿಯೊ" ಅಂದಳು. ನಾಲ್ಕಕ್ಕೇ ಕಟ್ಟಿದೆ, ಶ್ರುತಿ ಮಾತ್ರ ಮೂರರದು. ಹಾಡಿದಳು. ಕಂಠ ಒಡೆಯಲಿಲ್ಲ. "ನೋಡಿದ್ಯಾ?" ಎನ್ನುವಂತೆ ನನ್ನ ಕಡೆ ಗೆದ್ದ ನೋಟ ಬೀರಿದಳು.

ಆಮೇಲೆ ವರ್ಷಗಳು ಹೋದಂತೆ ಇನ್ನೊಂದು ಮೆಟ್ಟಿಲು, ಮತ್ತೊಂದು. ಕೊನೆಕೊನೆಗೆ ತಂತಿಗಳು ಎಷ್ಟು ಸಡಿಲವಾಗಿದ್ದವೆಂದರೆ ಮೀಟಿದರೆ ಝರ್ರೆನ್ನುತ್ತಿದ್ದವು. ಕೂಟದಲ್ಲಿ ಎಲ್ಲರೂ ನನ್ನ ಕೈ ಹೋಯಿತು, ಕಿವಿ ಹೋಯಿತು ಎಂದು ಆಡಿಕೊಂಡರು. "ಎಲಾದಿಯೊನ ಗಿಟಾರಿನ ತಂತಿ ಮೇಲೆ ಅಂಗಿ ಒಣಗಿಹಾಕಬಹುದು" ಎಂದು ಹಿನೇಸ್ ಒಮ್ಮೆ ಎಲ್ಲರೆದುರಿಗೆ ಹೇಳಿದ. ಕಾಸಿಲ್ದಾ ಕೈಯಲ್ಲಿದ್ದ ಕೆಂಪು ವೈನನ್ನು ಅವನ ಬಿಳಿ ಅಂಗಿಗೆ ಎರಚಿ, "ಹೋಗು, ಇದನ್ನೇ ಒಣಗಿಹಾಕು" ಅಂದಳು. ನನಗೆ ಒಳಗೊಳಗೇ ಖುಷಿ. ಆದರೆ ನಾನು ನಗೆಪಾಟಲಾದದ್ದು ಏಕೆಂದು ಅವಳಿಗೆ ಗೊತ್ತಿಲ್ಲವಲ್ಲ ಎಂಬ ಸಂಕಟವೂ ಆಯಿತು. ಹೇಳುವಂತಿಲ್ಲ. ಹೇಳಿದರೆ ಅವಳ ಹಾಡು ನಿಲ್ಲುತ್ತದೆ. ಗಂಡ ತೀರಿಕೊಂಡ ಮೇಲಾದರೂ ಬೇರೆ ಏನಾದರೂ ಹೇಳಬಹುದಿತ್ತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡೆ. ಈಗ ಅವಳೂ ಇಲ್ಲ. ನಾನು ಅವಳಿಗಾಗಿ ಏನು ಮಾಡಿದೆ ಎಂಬುದು ತಿಳಿದ ಜೀವ ಜಗತ್ತಿನಲ್ಲಿ ನನ್ನದೊಂದೇ. ಆ ಒಂಟಿತನದ ಮುಂದೆ ಖಾಲಿ ಮನೆ ಏನೂ ಅಲ್ಲ.

ಗಿಟಾರಿನ ದೆಸೆಯಿಂದ ಗುಡ್ಡ ಹತ್ತಬೇಕಾಯಿತು. ಮೊಣಕಾಲು ಸುಮ್ಮನೆ ನನ್ನನ್ನು ಹೊತ್ತುಕೊಂಡು ಹೋಯಿತು, ಸುಳ್ಳು ಅದರದ್ದಲ್ಲವಲ್ಲ. ಗುಹೆಯ ಬಾಗಿಲು ತೆರೆದಾಗ ಮಣ್ಣಿನ ತಂಪು ಮುಖಕ್ಕೆ ಬಡಿಯಿತು. ಗಿಟಾರನ್ನು ಪೆಟ್ಟಿಗೆ ಸಮೇತ ಹಾಸಿಗೆಯ ಮೇಲೆ ಮಲಗಿಸಿ ಪೆಟ್ಟಿಗೆಯ ಬಾಯಿ ತೆರೆದೇ ಇಟ್ಟೆ. ಅದನ್ನು ಒಂಟಿಯಾಗಿ ಬಿಟ್ಟು ಹೋಗಲು ಮನಸ್ಸಾಗದೆ ನಾನೂ ಅಲ್ಲೇ ಉಳಿದೆ. ದಿನವೂ ಕಡಲೆಕಾಳು ಬೇಯಿಸಿಕೊಂಡು ತಿಂದೆ. ಗೋಡೆಯ ಕಡೆ ಬೆನ್ನು ಹಾಕಿ ಕೂರುತ್ತಿದ್ದೆ. ಬೆನ್ನು ಹಾಕಿದರೂ ಕಿವಿ ಅಲ್ಲೇ ಇರುತ್ತಿತ್ತು.

ಮರ ನಿಧಾನವಾಗಿ ತೇವ ಹೀರಿಕೊಂಡಿತು. ಒಂದು ಬೆಳಿಗ್ಗೆ ಹಲಗೆಯ ಅಂಚಿಗೆ ಅಂಗೈ ಆಡಿಸಿದರೆ ಲೋಹ ಗೀರಲಿಲ್ಲ. ಬಾಗಿಲಾಚೆಯ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೆಲಸಕ್ಕೆ ಕೂತೆ. ಹಳೆಯ ತಂತಿಗಳನ್ನು ಬಿಚ್ಚಿದೆ. ಸಿಗರೇಟ್ ಲೈಟರಿಗೆ ತುಂಬುವ ಪೆಟ್ರೋಲನ್ನು ಬಟ್ಟೆಗೆ ತಾಗಿಸಿ ಆಲಿವ್ ಎಣ್ಣೆಯ ಅಂಟನ್ನು ಒರೆಸಿದೆ. ಅಂಟಿನ ಜೊತೆಗೆ ಎಷ್ಟೋ ವರ್ಷದ ಕೈಬೆವರು ಕಪ್ಪಗೆ ಬಟ್ಟೆಗೆ ಬಂತು. ಅಷ್ಟೂ ಶನಿವಾರಗಳ ಕೊಳೆ. ಒಂದು ಕ್ಷಣ ಕೈ ತಡೆಯಿತು. ಆದರೆ ಕೊಳೆ ಹೋದರೂ ಗುಳಿ ಹೋಗುವುದಿಲ್ಲವಲ್ಲ ಎಂದು ಮುಂದುವರಿಸಿದೆ. ಮೆಟ್ಟಿಲುಗಳ ಬುಡದಲ್ಲಿ ಕೂತದ್ದನ್ನು ಹಲ್ಲುಕಡ್ಡಿಯಿಂದ ಕೆರೆದು ತೆಗೆದೆ. ಬಿರುಕಿಗೆ ಮೆಲ್ಚೋರ್ ಆಮೇಲೆ ಬಂದು ಕರಿಮರದ ಪುಡಿ, ಅಂಟು ತುಂಬಿಕೊಟ್ಟ, ಬೈಯುತ್ತಲೇ.

ಕೊನೆಗೆ ಅಗಸೆ ಎಣ್ಣೆ. ಬೆರಳ ತುದಿಯಲ್ಲಿ ಒಂದು ಹನಿ, ಒಂದೊಂದು ಮನೆಗೂ ಬೇರೆ ಬೇರೆಯಾಗಿ. ನಾಲ್ಕರಾಚೆಯ ಗುಳಿಗಳಲ್ಲಿ ಬೆರಳು ತಾನಾಗಿ ಕೂತಿತು. ಅಲ್ಲಿ ಮರಕ್ಕೆ ಅಂಥ ಬಾಯಾರಿಕೆ ಇರಲಿಲ್ಲ. ಕೆಳಗಿನ ಮೂರು ಮನೆಗಳು ಮಾತ್ರ ಹಚ್ಚಿದಷ್ಟನ್ನೂ ಕುಡಿದವು, ಮತ್ತೆ ಹಚ್ಚಿದೆ, ಮತ್ತೆ ಕುಡಿದವು. ಯಾರೂ ಮುಟ್ಟದೆ ಉಳಿದದ್ದು ಹೀಗೇ ಇರುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಹೆಚ್ಚಾದದ್ದನ್ನು ಒಣಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಮುಳ್ಳುಬೇಲಿಯ ಮೇಲೆ ಹರಡಿದೆ. ಹಲಗೆ ಕಪ್ಪಗೆ ಆರೋಗ್ಯವಾಗಿ ಕಂಡಿತು. ಇನ್ನು ನನಗೆ ಹೇಳಲು ನೆಪ ಉಳಿದಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅನ್ನಬಹುದು. ನೆಲ ನೆಟ್ಟಗಾದ ಮೇಲೆ ಕುಣಿಯಲೇಬೇಕು. ನೀವೆಸ್‌ಗೆ ಬರುತ್ತೇನೆಂದು ಹೇಳಿಕಳಿಸಿದೆ.

ಭಾನುವಾರ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಕೂಟದ ಹಜಾರ ತುಂಬಿತ್ತು. ಗೋಡೆಯ ಮೇಲೆ ಕಾಸಿಲ್ದಾಳ ಚಿತ್ರಕ್ಕೆ ಕಪ್ಪು ರಿಬ್ಬನ್ ಕಟ್ಟಿದ್ದರು. ಹಿನೇಸ್ ಮುಂದಿನ ಸಾಲಿನಲ್ಲೇ ಕೂತಿದ್ದ, ಕಾಲ ಮೇಲೆ ಕಾಲು. ನಾನು ಹಿಂದಿನ ಕೋಣೆಯಲ್ಲಿ ಹೊಸ ತಂತಿಗಳ ಶ್ರುತಿ ಸೇರಿಸಿಕೊಂಡು ಬಂದು ಕುರ್ಚಿಯಲ್ಲಿ ಕೂತೆ. ಪಕ್ಕದಲ್ಲಿ ನೀವೆಸ್, ಅತ್ತೆಯದೇ ಶಾಲು ಹೊದ್ದಿದ್ದಳು.

"ನಾಲ್ಕಕ್ಕೆ ಕಟ್ಟಿ ಮಾಮಾ" ಅಂದಳು.

ಕಟ್ಟಿದೆ. ಮೊದಲ ಸುತ್ತು ನುಡಿಸಿ ಅವಳಿಗೆ ಜಾಗ ಬಿಟ್ಟೆ. ಅವಳು ಬಾಯಿ ತೆರೆದು, ಅರ್ಧ ಉಸಿರಿಗೇ ನಿಲ್ಲಿಸಿದಳು. ಜನ ಕೆಮ್ಮಿದರು. ಹಿನೇಸ್ ಪಕ್ಕದವನ ಕಡೆ ಬಾಗಿ ಏನೋ ಪಿಸುಗುಟ್ಟಿದ. ನೀವೆಸ್ ಶಾಲಿನ ಮರೆಯಲ್ಲಿ ನನ್ನ ಕಿವಿಗೆ ಬಾಯಿಟ್ಟಳು.

"ಮಾಮಾ, ತಂತಿ ಏರಿಸಿ. ಇದು ಅತ್ತೆಯ ಶ್ರುತಿ."

ನಾನು ಬಿರಡೆಗಳ ಕಡೆ ನೋಡಿದೆ. ಹೊಸ ತಂತಿ ಹಾಕಿ ಬಿರಡೆ ತಿರುಗಿಸುವಾಗ ಕೈ ತನ್ನ ರೂಢಿಯ ಜಾಗದಲ್ಲೇ ನಿಂತಿತ್ತು. ಮೂರು ಮೆಟ್ಟಿಲು ಕೆಳಗೆ, ಅವಳ ಕೊನೆಯ ವರ್ಷಗಳ ಜಾಗದಲ್ಲಿ.

"ಏನಂದೆ?"

"ನೀವು ಮರೆತು ಅವಳ ಶ್ರುತಿಗೇ ಕೂಡಿಸ್ತೀರಿ ಅಂತ ಅತ್ತೆ ಹೇಳಿದ್ಲು. ಆಸ್ಪತ್ರೇಲಿದ್ದಾಗ. ಏರಿಸೋಕೆ ಹೇಳು, ಜನರ ಮುಂದೆ ಹೇಳಬೇಡ, ನಾಚ್ಕೋತಾನೆ ಅಂದ್ಲು."

"ಅವಳಿಗೆ ಗೊತ್ತಿತ್ತಾ?"

"ಮೊದಲ ದಿನದಿಂದ."

"ಮತ್ತೆ ಯಾಕೆ..."

"ನಾನೂ ಕೇಳಿದೆ. ಗೊತ್ತು ಅಂತ ತೋರಿಸಿದ್ರೆ ಅವನು ನಿಲ್ಲಿಸಿಬಿಡ್ತಾನೆ ಕಣೇ ಅಂದ್ಲು. ನನಗೋಸ್ಕರ ಊರ ಕೈಲಿ ಹಾಗೆ ಅನ್ನಿಸಿಕೊಂಡೋರು ಇನ್ಯಾರಿದಾರೆ ಅಂದ್ಲು. ಈಗ ಏರಿಸಿ ಮಾಮಾ, ಎಲ್ರೂ ನೋಡ್ತಿದಾರೆ."

ಕಣ್ಣು ಮಂಜಾಗಿ ಬಿರಡೆಗಳು ಕಾಣಲಿಲ್ಲ. ಕೈಗೆ ಕಾಣುವ ಅಗತ್ಯವೂ ಇರಲಿಲ್ಲ. ಒಂದೊಂದೇ ತಂತಿಯನ್ನು ಏರಿಸಿದೆ. ಅಷ್ಟು ವರ್ಷಗಳಲ್ಲಿ ಕದ್ದುಮುಚ್ಚಿ ಇಳಿದ ಮೆಟ್ಟಿಲುಗಳನ್ನು ಜನರೆದುರಿಗೇ ಹತ್ತಿದೆ. ಗಿಟಾರಿಗೆ ಹಳೆಯ ಬಿಗಿ ಬಂತು, ಸ್ವರ ಗಟ್ಟಿಯಾಗಿ ಹಜಾರದ ಕೊನೆಗೆ ಹೋಗಿ ಮುಟ್ಟಿತು. ಹಿನೇಸ್ ಕಾಲಿಳಿಸಿ ಕೂತ. ನೀವೆಸ್ ಹಾಡಿದಳು. ನಿಜವಾದ ನಾಲ್ಕರಲ್ಲಿ, ಅವಳತ್ತೆ ಆ ವಯಸ್ಸಿನಲ್ಲಿ ಹಾಡುತ್ತಿದ್ದ ಎತ್ತರದಲ್ಲಿ. ಚೆನ್ನಾಗಿ ಹಾಡಿದಳು. ನಾನೂ ಚೆನ್ನಾಗಿ ನುಡಿಸಿದೆನಂತೆ, ಆಮೇಲೆ ಎಲ್ಲರೂ ಹಾಗಂದರು. ಮೆಲ್ಚೋರ್ ಬಂದು ಸೋಂಪಿನ ಸಾರಾಯಿಯ ಲೋಟ ಕೈಗಿಟ್ಟು, "ಕಳ್ಳ" ಎಂದಷ್ಟೇ ಹೇಳಿ ಬೆನ್ನು ತಟ್ಟಿದ.

ನಾನು ಕೆಳಗಿನ ಪೇಟೆಯ ಮನೆಗೆ ಹೋಗಲಿಲ್ಲ. ಬೆಳಕಿರುವಾಗಲೇ ಗುಡ್ಡ ಹತ್ತಿ ಗುಹೆಗೆ ಬಂದೆ. ಕುರ್ಚಿಯನ್ನು ಈ ಸಲ ಗೋಡೆಗೆ ಮುಖ ಮಾಡಿ ಹಾಕಿದೆ.

"ಗೊತ್ತಿದ್ರೆ ಒಂದು ಮಾತು ಹೇಳಬಾರದಿತ್ತೇನೇ?" ಎಂದು ಗಟ್ಟಿಯಾಗಿ ಕೇಳಿದೆ. ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಇಬ್ಬರೂ ಒಬ್ಬರಿಗೊಬ್ಬರು ತಿಳಿಯಬಾರದೆಂದು ಅಷ್ಟು ಜೋಪಾನ ಮಾಡಿ, ಗೋಡೆಯ ಆ ಕಡೆ ಅವಳು, ಈ ಕಡೆ ನಾನು, ಮುದುಕರಾದೆವು. ಅವಳು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಆಮೇಲೆ ಬಿರಡೆಗಳನ್ನು ತಿರುಗಿಸಿ ತಂತಿಗಳನ್ನು ಅವಳ ಶ್ರುತಿಗೆ ಇಳಿಸಿದೆ. ಪಟ್ಟಿಯನ್ನು ನಾಲ್ಕಕ್ಕೆ ಕಟ್ಟಿದೆ. ನಾನು ಒಂಟಿಯಾಗಿ ನುಡಿಸುವವನಲ್ಲ, ಹಾಡುವವರ ಜೊತೆ ನುಡಿಸುವವನು. ಆವತ್ತು ಹಾಗೆಯೇ ನುಡಿಸಿದೆ. ಅವಳ ಸರದಿ ಬಂದ ಕಡೆಯೆಲ್ಲ ಕೈ ನಿಲ್ಲಿಸಿ, ಒಂದು ಸಾಲು ಹಾಡುವಷ್ಟು ಹೊತ್ತು ಕಾದು, ಮತ್ತೆ ಮುಂದುವರಿಸಿದೆ.